ಬಣ್ಣ ತುಂಬದ ನವಿಲು

ಬೆಂಗಳೂರಿಗೆ ವೀರೇಶನ ಬಲಗೈ ಮಾತ್ರ ಗೊತ್ತಿತ್ತು. ಕೊರಿಯರ್ ಹಂಚುವವನ ಮುಖವನ್ನು ಯಾರು ನೋಡುತ್ತಾರೆ? ಬೆಲ್ ಒತ್ತಿದರೆ ಬಾಗಿಲು ಒಂದು ಗೇಣು ತೆರೆಯುತ್ತದೆ, ಇವನ ಕೈ ಕವರು ಹಿಡಿದು ಮುಂದೆ ಚಾಚುತ್ತದೆ, ಒಳಗಿನವರು ಸಹಿ ಗೀಚುತ್ತಾರೆ, ಬಾಗಿಲು ಮುಚ್ಚುತ್ತದೆ. ಬಸವೇಶ್ವರನಗರದಿಂದ ಚಂದ್ರಾ ಲೇಔಟಿನ ತನಕ ಅವನ ಓಡಾಟ. ಕೊಪ್ಪಳದ ಕಡೆಯ ಹಳ್ಳಿಯಿಂದ ಬಂದು ಇಷ್ಟು ವರ್ಷವಾದರೂ, ಆ ಬಾಗಿಲುಗಳ ಹಿಂದಿನವರು ಎದುರಿಗೆ ಸಿಕ್ಕರೆ ಅವನ ಗುರುತು ಹಿಡಿಯುತ್ತಿರಲಿಲ್ಲ. ಮುಖ ಬೇಡವಾದರೆ ಬೇಡ, ಕೈಯನ್ನಾದರೂ ತಿರುಗಿ ನೋಡುವ ಹಾಗೆ ಮಾಡಬೇಕು ಎಂದು ಅವನಿಗೆ ಅನ್ನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಆಮೇಲೆ ಬಂತು.

ಆಸೆ ಹುಟ್ಟಿದ್ದು ಬಸವೇಶ್ವರನಗರದ ಒಂದು ಮನೆಯ ಹೊಸ್ತಿಲಲ್ಲಿ. ಬಾಗಿಲು ತೆರೆದ ಕಾಲೇಜು ಹುಡುಗನ ತೋಳಿನ ತುಂಬ ಮೀನುಗಳಿದ್ದವು, ಭುಜದಿಂದ ಹೊರಟು ಮಣಿಕಟ್ಟಿನ ತನಕ ಈಜಿ ಬಂದ ಕೆಂಪು, ನೀಲಿ ಮೀನುಗಳು. ವೀರೇಶ ಪೆನ್ನು ಕೊಡುವುದನ್ನು ಮರೆತು ನಿಂತುಬಿಟ್ಟ. ಊರಿನಲ್ಲಿ ಅವನ ಅವ್ವನ ಮುಂಗೈಯಲ್ಲೂ ಹಚ್ಚೆ ಇತ್ತು, ಹಸಿರು ಚುಕ್ಕಿಗಳ ಸಣ್ಣ ತೊಟ್ಟಿಲು. ಆದರೆ ಅದು ಮದುವೆಗೆ ಮೊದಲು ಹಿಡಿದು ಕೂರಿಸಿ ಹಾಕಿಸಿದ್ದು. ಇದು ತಾನೇ ಬೇಕೆಂದು ಹಾಕಿಸಿಕೊಂಡದ್ದು. ಹುಡುಗ ವಿಜಯನಗರದ ಒಂದು ಅಂಗಡಿಯ ಗುರುತು ಹೇಳಿದ. ಅದು 2008ರ ಯುಗಾದಿಯ ಆಸುಪಾಸು.

ಅಂಗಡಿ ಇದ್ದದ್ದು ಮಾರ್ಕೆಟ್ ರಸ್ತೆಯಲ್ಲಿ, ಮೊಬೈಲ್ ಕೂಪನ್ ಮಾರುವವನ ಮೇಲಿನ ಕೋಣೆಯಲ್ಲಿ. ನಡೆಸುವವನು ಸಿದ್ಧಾರ್ಥ, ಚಿತ್ರಕಲೆ ಓದಲು ಹೋಗಿ ಅರ್ಧಕ್ಕೆ ಬಿಟ್ಟು ಬಂದವನು. ಅವನದೊಂದು ಪದ್ಧತಿ. ಇಡೀ ತೋಳಿನ ಚಿತ್ರ ಕಾಗದದ ಮೇಲೆ ಮುಗಿಯುವ ತನಕ ಸೂಜಿ ಮುಟ್ಟುತ್ತಿರಲಿಲ್ಲ. ಇವತ್ತೊಂದು ಚೇಳು, ನಾಳೆಯೊಂದು ಹೆಸರು ಎಂದು ಬಿಡಿಬಿಡಿಯಾಗಿ ಹಾಕಿಸಿಕೊಂಡವರ ಕೈ ಕೊನೆಗೆ ಪೋಸ್ಟರ್ ಅಂಟಿಸಿದ ಬಸ್‌ಸ್ಟ್ಯಾಂಡಿನ ಗೋಡೆಯಾಗುತ್ತದೆ ಎನ್ನುತ್ತಿದ್ದ. ವೀರೇಶನ ಕೈಯನ್ನು ಸೋರೆಕಾಯಿ ಆರಿಸುವವರ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿ, ಏನು ಬೇಕು ಎಂದು ಕೇಳಿದ. ವೀರೇಶ ನವಿಲು ಅಂದ. ಊರಿನ ಸಜ್ಜೆ ಹೊಲಕ್ಕೆ ಬರುತ್ತಿದ್ದ ನವಿಲುಗಳನ್ನು ಅವನು ಚಿಕ್ಕಂದಿನಲ್ಲಿ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆಯುತ್ತಿದ್ದ, ಬೈಸಿಕೊಳ್ಳುತ್ತಿದ್ದ. ಡ್ರ್ಯಾಗನ್ನು, ಹುಡುಗಿಯರ ಹೆಸರು ಬರೆದು ಬೇಸತ್ತಿದ್ದ ಸಿದ್ಧಾರ್ಥನಿಗೂ ಖುಷಿಯಾಯಿತು. ಭುಜದ ಮೇಲೆ ಕತ್ತು ಹೊರಳಿಸಿ ಕೂತ ನವಿಲು, ತೋಳಿನ ಉದ್ದಕ್ಕೂ ಇಳಿದು ಮಣಿಕಟ್ಟಿನಲ್ಲಿ ಮುಗಿಯುವ ಗರಿ.

ಕೆಲಸ ನಾಲ್ಕು ಹಂತದ್ದು ಎಂದು ಸಿದ್ಧಾರ್ಥ ಬಿಡಿಸಿ ಹೇಳಿದ. ಮೊದಲು ಮೊಣಕೈ ತನಕ ಬರೀ ಗೆರೆ. ಅದು ಮಾಗಿದ ಮೇಲೆ ಮಣಿಕಟ್ಟಿನ ತನಕ ಗೆರೆ. ಮೂರನೆಯದು ನೆರಳು, ಕೊನೆಗೆ ಬಣ್ಣ. ನಡುನಡುವೆ ಚರ್ಮಕ್ಕೆ ಬಿಡುವು ಬೇಕು, ಆತುರ ಬಿದ್ದರೆ ಚಿತ್ರ ಕೆಡುತ್ತದೆ. ವೀರೇಶ ಎಲ್ಲದಕ್ಕೂ ತಲೆಯಾಡಿಸಿದ. ಬಲಗೈಯನ್ನು ಅವನು ತನಗೆ ಇಟ್ಟುಕೊಳ್ಳುವುದೆಂದು ಮನಸ್ಸಿನಲ್ಲೇ ಪಾಲು ಹಾಕಿದ್ದ. ಎಡಗೈ ಆಗಲೇ ಬೇರೆಯವರ ಪಾಲಾಗಿತ್ತು.

ಆ ಬೇರೆಯವರು ಇದ್ದದ್ದು ಅವನ ಎದುರುಮನೆಯಲ್ಲಿ. ವಿಜಯನಗರದ ಒಳರಸ್ತೆಯ ಒಂದು ವಠಾರ, ನಡುವೆ ಒಂದು ನಲ್ಲಿ, ಎರಡೂ ಕಡೆ ಸಾಲುಮನೆ. ವೀರೇಶನದು ಒಂದು ಕೋಣೆ. ಎದುರಿಗೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಹನುಮಯ್ಯ, ಅವನ ಹೆಂಡತಿ ಯಶೋದಮ್ಮ, ಅವರ ಒಬ್ಬಳೇ ಮಗಳು ವರಲಕ್ಷ್ಮಿ. ವಠಾರದ ಬಾಯಲ್ಲಿ ಅವಳು ಲಚ್ಚಿ. ಎಂಟು ವರ್ಷದ ಲಚ್ಚಿಗೆ ಥಲಸ್ಸೀಮಿಯಾ. ಅವಳ ಮೈ ತನಗೆ ಬೇಕಾದ ರಕ್ತವನ್ನು ತಾನೇ ಮಾಡಿಕೊಳ್ಳಲಾರದು, ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಏರಿಸಬೇಕು. ಸಾಲದ್ದಕ್ಕೆ ಅವಳದು ಓ ನೆಗೆಟಿವ್, ಹುಡುಕಿದರೂ ಸಿಗದ ಗುಂಪು. ಒಬ್ಬರು ಒಮ್ಮೆ ಕೊಟ್ಟರೆ ಮತ್ತೆ ಮೂರು ತಿಂಗಳು ಕೊಡುವ ಹಾಗಿಲ್ಲ. ಯಶೋದಮ್ಮ ಊರೆಲ್ಲ ಅಲೆದು ನಾಲ್ವರನ್ನು ಕೂಡಿಸಿಕೊಂಡಿದ್ದಳು. ಅವರ ಸರದಿಯನ್ನು ಹಬ್ಬಗಳ ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದಳು. ವೀರೇಶನದು ಯುಗಾದಿ, ಆಷಾಢ, ದಸರಾ, ಸಂಕ್ರಾಂತಿ.

ಅವನ ರಕ್ತದ ಗುಂಪು ಅವಳಿಗೆ ತಿಳಿದದ್ದು ಆಕಸ್ಮಿಕವಾಗಿ. ಕೊರಿಯರ್ ಆಫೀಸಿನಲ್ಲಿ ಮಾಡಿಕೊಟ್ಟ ಗುರುತಿನ ಚೀಟಿಯನ್ನು ಅವನು ನಲ್ಲಿಕಟ್ಟೆಯ ಮೇಲೆ ಮರೆತಿದ್ದ. ತಂದುಕೊಡಲು ಬಂದ ಯಶೋದಮ್ಮ ಚೀಟಿಯನ್ನು ಕೊಡದೆ ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ಅಳುತ್ತ ನಿಂತಳು. ಅಂದಿನಿಂದ ಅವನು ಲಚ್ಚಿಯ ಮಾಮನಾದ. ಸರದಿ ಬಂದ ದಿನ ಮೊದಲು ಅವಳ ಮನೆಯಲ್ಲಿ ಹೊಟ್ಟೆ ತುಂಬ ಊಟ, ಆಮೇಲೆ ರಾಜಾಜಿನಗರದ ಆಸ್ಪತ್ರೆ. ನಲ್ಲಿಯ ಹತ್ತಿರ ಜಗಳವಾಡುವ ಹೆಂಗಸರೂ ಅವನು ಬಂದರೆ ಕೊಡ ಸರಿಸಿ ಜಾಗ ಬಿಡುತ್ತಿದ್ದರು. ಈ ಮರ್ಯಾದೆ ವೀರೇಶನಿಗೆ ಹಿತವಾಗಿತ್ತು. ಸುಳ್ಳೇಕೆ ಹೇಳಬೇಕು, ಯಾರಿಗಾದರೂ ಹಿತವಾಗುತ್ತದೆ.

ಆ ಯುಗಾದಿಯ ಸರದಿ ಮುಗಿಸಿದ ಮೇಲೆ, ಬೇಸಿಗೆಯ ಒಂದು ಭಾನುವಾರ, ಸಿದ್ಧಾರ್ಥ ಅವನ ತೋಳಿನ ಮೇಲೆ ಮೊದಲ ಹಂತದ ಗೆರೆ ಎಳೆದ. ನೋವಾಯಿತು. ವೀರೇಶ ಹಲ್ಲು ಕಚ್ಚಿ ಕೂತ. ಕೊನೆಗೆ ಕನ್ನಡಿಯಲ್ಲಿ ನೋಡಿಕೊಂಡಾಗ ಭುಜದ ಮೇಲಿನ ನವಿಲು ಕತ್ತು ಹೊರಳಿಸಿ ಅವನನ್ನೇ ನೋಡುತ್ತಿತ್ತು. ಇಷ್ಟು ಚಂದದ್ದು ತನ್ನ ಮೈಮೇಲೆ ಇದೆ ಎಂದು ಅವನಿಗೆ ಕಣ್ಣು ತುಂಬಿ ಬಂತು. ಸಿದ್ಧಾರ್ಥ ಪ್ಲಾಸ್ಟಿಕ್ ಸುತ್ತುತ್ತ, ಸೋಪು ಹಾಕಬೇಡ, ಬಿಸಿಲಿಗೆ ಹಿಡಿಯಬೇಡ, ಕೆರೆಯಬೇಡ ಎಂದು ಪಾಠ ಒಪ್ಪಿಸಿದ. ಪಾಠದ ಬಾಲಕ್ಕೆ ಇನ್ನೊಂದು ಮಾತು ಸೇರಿಸಿದ.

"ಆಮೇಲೆ ಗುರು, ಒಂದ್ ವರ್ಷ ಬ್ಲಡ್ ಕೊಡೋಕೆ ಹೋಗ್ಬೇಡ. ಬ್ಲಡ್ ಬ್ಯಾಂಕ್‌ನೋರು ತಗೊಳಲ್ಲ."

ವೀರೇಶ ಏಕೆ ಎಂದು ಕೇಳಿದ. ತಾನು ಹೊಸ ಸೂಜಿಯೇ ಹಾಕುತ್ತೇನೆ, ಆದರೂ ಸೂಜಿ ಸೂಜಿಯೇ ಅಂದ ಸಿದ್ಧಾರ್ಥ. ಎಲ್ಲಿಯದಾದರೂ ರೋಗ ರಕ್ತಕ್ಕೆ ಹೊಕ್ಕಿದ್ದರೆ ಎಷ್ಟೋ ತಿಂಗಳು ಟೆಸ್ಟಿನಲ್ಲೂ ಸಿಕ್ಕಿಬೀಳುವುದಿಲ್ಲ, ಅದಕ್ಕೆ ಕಾಯುತ್ತಾರೆ. ಮುಂದಿನ ಹಂತ ಆದ ಮೇಲೆ? ಮತ್ತೆ ಮೊದಲಿಂದ ಒಂದು ವರ್ಷ. ಅದರ ಮುಂದಿನದು ಆದ ಮೇಲೆ ಮತ್ತೆ. ವೀರೇಶ ಕುರ್ಚಿಯಿಂದ ಏಳಲಿಲ್ಲ. ಆಸ್ಪತ್ರೆಯ ಸಿಸ್ಟರ್ ಮೊದಮೊದಲು ಕೇಳುತ್ತಿದ್ದ ಪ್ರಶ್ನೆಗಳು ನೆನಪಾದವು. ಕಾಮಾಲೆ ಆಗಿತ್ತಾ, ಮಲೇರಿಯಾ ಬಂದಿತ್ತಾ, ಹಚ್ಚೆ ಹಾಕಿಸಿಕೊಂಡಿದೀರಾ ಎಂದು ಅವರು ಒಂದೇ ಉಸಿರಿಗೆ ಕೇಳುತ್ತಿದ್ದರು, ಇವನು ಇಲ್ಲ ಇಲ್ಲ ಎಂದು ಅಂಗಿಯ ತೋಳು ಮಡಿಸುತ್ತಿದ್ದ. ಕಿವಿಗೆ ಬಿದ್ದದ್ದು ತಲೆಗೆ ಹೋಗಿರಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಇದು ಗೊತ್ತಿಲ್ಲದೆ ಆದ ತಪ್ಪು. ಅವತ್ತೇ ಸಂಜೆ ಎದುರುಮನೆಗೆ ಹೋಗಿ ಹೀಗಾಯಿತು ಅಕ್ಕ ಅಂದಿದ್ದರೆ ಯಶೋದಮ್ಮ ಒಂದಿಷ್ಟು ಗೋಳಾಡಿ ಬೇರೆ ದಾರಿ ಹುಡುಕುತ್ತಿದ್ದಳು. ವೀರೇಶ ಹೋಗಲೂ ಹೋದ. ಲಚ್ಚಿ ಹೊಸ್ತಿಲಲ್ಲಿ ಕೂತು ಮಾವಿನ ಉಪ್ಪಿನಕಾಯಿಯ ಹೋಳನ್ನು ಚೀಪುತ್ತಿದ್ದಳು. ಉಪ್ಪಿನಕಾಯಿ ಇಲ್ಲದಿದ್ದರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. "ಮಾಮ, ನಂಗೆ ಈ ಸಲ ಹತ್ತು ಪಾಯಿಂಟ್ ಬಂದಿದೆ, ನಿನ್ ರಕ್ತ ಜೋರು," ಅಂದಳು. ಕ್ಲಾಸಿನಲ್ಲಿ ಅಂಕ ಬಂದವರ ಹಾಗೆ ಅವಳು ತನ್ನ ರಕ್ತದ ಲೆಕ್ಕ ಹೇಳುತ್ತಿದ್ದಳು. ವೀರೇಶ ನಕ್ಕು, ಒಂದು ಹೋಳು ಇಸಿದುಕೊಂಡು ವಾಪಸು ಬಂದ. ಮರುದಿನದಿಂದ ತುಂಬುತೋಳಿನ ಅಂಗಿ ಹಾಕತೊಡಗಿದ. ಬಿಸಿಲಿಗೆ ಗಾಡಿ ಓಡಿಸಿ ಕೈ ಸುಡುತ್ತದೆ ಎಂದು ಎಲ್ಲರಿಗೂ ಹೇಳಿದ.

ಆಷಾಢ ಬಂತು. ಯಶೋದಮ್ಮ ಬಾಗಿಲಿಗೆ ಬಂದು, ಗುರುವಾರ ಆಗುತ್ತದಾ ಎಂದು ಕೇಳಿದಳು. ಉತ್ತರವನ್ನು ಅವನು ತಿಂಗಳಿಂದ ಹೊಸೆಯುತ್ತಿದ್ದ.

"ಅಕ್ಕಾರ, ನನಗ ಕಾಮಾಲಿ ಆಗೇತ್ರಿ," ಅಂದ. "ಡಾಕ್ಟರು ವರ್ಷದ ತನಕ ರಕ್ತ ಕೊಡಬ್ಯಾಡ ಅಂದಾರ."

ಸಿಸ್ಟರ್ ಕೇಳುತ್ತಿದ್ದ ಪ್ರಶ್ನೆಗಳಲ್ಲಿಯೇ ಹುಡುಕಿ ತೆಗೆದ ಸುಳ್ಳು ಇದು. ವರ್ಷದ ಲೆಕ್ಕಕ್ಕೂ ಸರಿಹೋಗುತ್ತಿತ್ತು, ಯಾರ ಬಾಯಿಗೂ ಬೀಳುವಂತಿರಲಿಲ್ಲ. ಅವನು ಮರೆತ ಸಂಗತಿ ಒಂದೇ. ಕಾಮಾಲೆ ಅಂದರೆ ನಮ್ಮ ಜನ ಸುಮ್ಮನೆ ಬಿಡುವುದಿಲ್ಲ.

ಯಶೋದಮ್ಮ ಮಗಳ ಚಿಂತೆಯನ್ನು ಅಲ್ಲೇ ಬಿಟ್ಟು ಇವನ ಆರೈಕೆಗೆ ಇಳಿದಳು. ಹನುಮಯ್ಯ ಬಂದು ಅವನ ಕಣ್ಣಿನ ರೆಪ್ಪೆ ಎಳೆದು ನೋಡಿ, ಹೌದು, ಹಳದಿ ಇದೆ ಅಂದ. ಇಲ್ಲದ ಹಳದಿಯನ್ನು ವಠಾರದವರೆಲ್ಲ ಸರದಿಯಲ್ಲಿ ಬಂದು ನೋಡಿದರು. ಮರುದಿನ ಬೆಳಿಗ್ಗೆ ಹನುಮಯ್ಯ ಸೈಕಲ್ಲಿನಲ್ಲಿ ಬ್ಯಾಡರಹಳ್ಳಿಗೆ ಹೋಗಿ, ಅಲ್ಲಿ ಕಾಮಾಲೆಗೆ ಔಷಧಿ ಕೊಡುವವರ ಹತ್ತಿರ ನೆಲನೆಲ್ಲಿ ಸೊಪ್ಪು ತಂದ. ಯಶೋದಮ್ಮ ಅದನ್ನು ಅರೆದು ಮಜ್ಜಿಗೆಯಲ್ಲಿ ಕದಡಿ, ಖಾಲಿ ಹೊಟ್ಟೆಗೆ ತನ್ನ ಎದುರಿಗೇ ಕುಡಿಸಿದಳು. ಪಥ್ಯ ಬೇರೆ. ಎಣ್ಣೆಯಿಲ್ಲ, ಖಾರವಿಲ್ಲ, ಉಪ್ಪಿಲ್ಲ. ಅವಳು ಎರಡು ಹೊತ್ತೂ ಉಪ್ಪಿಲ್ಲದ ಗಂಜಿ ಮಾಡಿ ತಟ್ಟೆ ಮುಚ್ಚಿ ತಂದು, ಅವನು ತಿಂದು ಮುಗಿಸುವ ತನಕ ಬಾಗಿಲಲ್ಲಿ ಕೂತಿರುತ್ತಿದ್ದಳು. ಲಚ್ಚಿ ಪಕ್ಕದಲ್ಲಿ ಕೂತು, "ಮೂಗು ಮುಚ್ಕೊ ಮಾಮ, ಆಗ ಕಹಿ ಗೊತ್ತಾಗಲ್ಲ," ಎಂದು ಹೇಳಿಕೊಡುತ್ತಿದ್ದಳು. ಔಷಧಿ ಕುಡಿಯುವುದರಲ್ಲಿ ಅವಳಿಗೆ ಅವನಿಗಿಂತ ಅನುಭವವಿತ್ತು.

ಈ ಹೆಂಗಸಿನ ಮಗಳ ಪಾಲಿನದನ್ನು ಕಸಿದುಕೊಂಡು ಅವಳ ಕೈಯಲ್ಲೇ ಸೇವೆ ಮಾಡಿಸಿಕೊಳ್ಳುತ್ತಿದ್ದೇನೆ ಎಂದು ವೀರೇಶನಿಗೆ ಗೊತ್ತಿತ್ತು. ಪ್ರತಿ ತಟ್ಟೆಯ ಮುಂದೆಯೂ, ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದ. ಹೇಳದೆ ತಿಂದ ಪ್ರತಿ ತಟ್ಟೆಯೂ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡುತ್ತಿತ್ತು. ಆ ಆಷಾಢದ ಸರದಿಯನ್ನು ನಾಲ್ವರಲ್ಲಿ ಇನ್ನೊಬ್ಬರಾದ ಬಸವೇಶ್ವರನಗರದ ದೇವೇಂದ್ರಪ್ಪ ಎಂಬ ಬ್ಯಾಂಕಿನವರು ತಮ್ಮ ಸರದಿಗೆ ಮೊದಲೇ ಬಂದು ತುಂಬಿಕೊಟ್ಟರು. ಅಬ್ಬ, ನಡೆಯಿತಲ್ಲ ಎಂದು ವೀರೇಶ ಉಸಿರು ಬಿಟ್ಟ.

ಈಗ ಬರುವುದನ್ನು ಹೇಳಲು ನನಗೇ ಸಿಟ್ಟು ಬರುತ್ತದೆ. ಶ್ರಾವಣದಲ್ಲಿ ಅವನು ಎರಡನೇ ಹಂತಕ್ಕೆ ಹೋದ. ಗೊತ್ತಿದ್ದೂ ಹೋದ. ಮೊಣಕೈಗೆ ಬಂದು ನಿಂತ ಗರಿಗಳು ಬಾಲ ಕತ್ತರಿಸಿದ ಕೋಳಿಯ ಹಾಗೆ ಕಾಣುತ್ತಿದ್ದವು. ಪ್ರತಿದಿನ ಸ್ನಾನ ಮಾಡುವಾಗ ಅದನ್ನು ನೋಡಿ ಮನಸ್ಸು ಕೆಡುತ್ತಿತ್ತು. ಹೇಗೂ ಒಂದು ವರ್ಷ ಹೋಯಿತು, ಅದಕ್ಕೆ ಇನ್ನು ಮೂರು ತಿಂಗಳು ಸೇರಿದರೆ ಏನು ಮಹಾ ಎಂದು ತನಗೆ ತಾನೇ ವಕಾಲತ್ತು ಮಾಡಿದ. ವರ್ಷವಿಡೀ ಊರಿನವರ ಕವರು ಹೊತ್ತು ತಿರುಗುವವನಿಗೆ ತನ್ನದೊಂದು ಆಸೆ ಇರಬಾರದಾ ಎಂದು ಯಾರೂ ಕೇಳದ ಪ್ರಶ್ನೆಗೆ ಜೋರಾಗಿ ಉತ್ತರ ಕೊಟ್ಟುಕೊಂಡ. ಸೂಜಿ ಮುಂಗೈಗೆ ಇಳಿದಾಗ, ಇದು ನೋಯಲಿ, ಚೆನ್ನಾಗಿ ನೋಯಲಿ ಅಂದುಕೊಂಡ. ನೋವು ತಿಂದರೆ ತಪ್ಪು ತೀರುತ್ತದೆ ಎಂದು ಯಾರು ಹೇಳಿದ್ದರೋ. ಗರಿಗಳು ಮಣಿಕಟ್ಟಿಗೆ ಇಳಿದು ಮುಗಿದವು. ಬರೀ ಗೆರೆಯಲ್ಲೇ ಕೈ ಎಷ್ಟು ಚಂದ ಕಾಣುತ್ತಿತ್ತೆಂದರೆ, ಅವನಿಗೆ ಸಂತೋಷಪಡಲೂ ನಾಚಿಕೆಯಾಯಿತು.

ದಸರಾ ಹೊತ್ತಿಗೆ ದೇವೇಂದ್ರಪ್ಪನವರಿಗೆ ಎದೆನೋವು ಬಂದು, ಇನ್ನು ರಕ್ತ ಕೊಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು. ಉಳಿದ ಇಬ್ಬರೂ ಆಗಷ್ಟೇ ಕೊಟ್ಟಾಗಿತ್ತು. ಲಚ್ಚಿಯ ದಿನ ದಾಟಿತು. ಒಂದು ವಾರ ತಡವಾಯಿತು, ಇನ್ನೊಂದು ವಾರವೂ ಆಯಿತು. ಕುಂಟಬಿಲ್ಲೆ ಆಡುತ್ತಿದ್ದವಳು ನಲ್ಲಿಕಟ್ಟೆಯ ಮೇಲೆ ಕೂತು ಉಳಿದ ಮಕ್ಕಳ ಆಟ ನೋಡತೊಡಗಿದಳು. ತುಟಿ ಬಿಳುಚಿಕೊಂಡಿತ್ತು. ಶಾಲೆಯ ಚೀಲವನ್ನು ತಾಯಿ ಹೊರುತ್ತಿದ್ದಳು. ವೀರೇಶ ಒಂದು ದಿನ ಅವಳಿಗೆ ಪ್ರೀತಿಯೆಂದು ಉಪ್ಪಿನಕಾಯಿಯ ಸಣ್ಣ ಬಾಟಲಿ ತಂದುಕೊಟ್ಟ. ಅವಳು ನೋಡಿ, ಬೇಡ ಮಾಮ ಎಂದು ತಲೆಯಾಡಿಸಿದಳು. ರಕ್ತ ಕಡಿಮೆಯಾಗಿ ಬಾಯಿರುಚಿಯೂ ಹೋಗಿದೆ ಎಂದುಕೊಂಡು ಅವನು ಬಾಟಲಿಯನ್ನು ಹೊಸ್ತಿಲಲ್ಲಿಟ್ಟು ಹೋದ.

ಯಶೋದಮ್ಮ ಅವನನ್ನು ಒಂದು ಮಾತೂ ಕೇಳಲಿಲ್ಲ. ಬದಲಿಗೆ, "ನೀನ್ ಕೊರಗ್ಬೇಡಪ್ಪ, ಮೊದ್ಲು ನಿನ್ ಮೈ ನೋಡ್ಕೋ," ಅಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಮರುದಿನ ಅವನು ಕೆಲಸಕ್ಕೆ ರಜೆ ಹಾಕಿ, ತುಂಬುತೋಳಿನ ಅಂಗಿ ತೊಟ್ಟು, ಯಾರಿಗೂ ಹೇಳದೆ ರಾಜಾಜಿನಗರದ ಆಸ್ಪತ್ರೆಗೆ ಹೋದ. ಎಡಗೈ ಕೊಡುವುದು, ಬಲಗೈ ಮುಚ್ಚಿಡುವುದು, ಕೇಳಿದ್ದಕ್ಕೆಲ್ಲ ಇಲ್ಲ ಅನ್ನುವುದು. ಸಿದ್ಧಾರ್ಥ ಹೇಳಿದ್ದು ತಲೆಯಲ್ಲಿ ಇತ್ತು, ಇಲ್ಲದೆ ಇಲ್ಲ. ಹೊಸ ಸೂಜಿ ತಾನೇ, ಏನಾಗುತ್ತದೆ ಎಂದು ಅದನ್ನು ಕೆಳಗೆ ಒತ್ತಿದ. ತಪ್ಪಿತಸ್ಥ ಮನುಷ್ಯ ತನ್ನ ಭಾರ ಇಳಿಸಿಕೊಳ್ಳುವ ಆತುರದಲ್ಲಿ ಅದನ್ನು ಯಾರ ತಲೆಯ ಮೇಲೆ ಇಳಿಸುತ್ತಿದ್ದೇನೆ ಎಂದು ನೋಡುವುದಿಲ್ಲ.

ಸಿಸ್ಟರ್ ಹಳೆಯ ಪರಿಚಯದವರು. ಅವನನ್ನು ಕಂಡು ಅವರ ಮುಖ ಅರಳಿತು. ಲಚ್ಚಿಯನ್ನು ಅವತ್ತು ಬೆಳಿಗ್ಗೆಯೇ ಮೇಲಿನ ವಾರ್ಡಿಗೆ ಸೇರಿಸಿದ್ದಾರೆ, ರಕ್ತಕ್ಕಾಗಿ ಕಾಯುತ್ತಿದ್ದಾರೆ, ನೀವು ಬಂದದ್ದು ದೇವರು ಬಂದ ಹಾಗಾಯಿತು ಅಂದರು. ಎಲ್ಲ ಸರಿ ಇದೆಯಾ, ಏನೂ ತೊಂದರೆ ಇಲ್ಲವಲ್ಲ ಎಂದು ಕೇಳಿದರು. ವೀರೇಶ ಏನೂ ಇಲ್ಲ ಅಂದ. ಹಾಗನ್ನುವಾಗ ಅವನ ಕಣ್ಣು ನೆಲದ ಮೇಲಿತ್ತು. ಮಲಗಿಸಿ, ಎಡತೋಳಿಗೆ ಪಟ್ಟಿ ಬಿಗಿದು, ಸ್ಪಿರಿಟ್ ಒರೆಸಿದರು. ಅಷ್ಟರಲ್ಲಿ ಮೇಲಿನ ವಾರ್ಡಿಗೆ ಫೋನು ಮಾಡಿ, ನಿಮ್ಮ ವೀರೇಶ್ ಬಂದಿದ್ದಾರೆ ಎಂದು ಒಳ್ಳೆಯ ಸುದ್ದಿಯನ್ನೂ ಮುಟ್ಟಿಸಿದರು.

ಹೊಸ ಸೂಜಿಯ ಪೊಟ್ಟಣ ಬಿಚ್ಚುವ ಹೊತ್ತಿಗೆ ಯಶೋದಮ್ಮ ಮೆಟ್ಟಿಲಿಳಿದು ಓಡಿಬಂದಳು. ಹಿಂದೆ ಲಚ್ಚಿಯನ್ನು ಎತ್ತಿಕೊಂಡು ಹನುಮಯ್ಯ. ಯಶೋದಮ್ಮ ಸಿಸ್ಟರ್‌ನ ಕೈ ಹಿಡಿದಳು.

"ಚುಚ್ಬೇಡಿ ಸಿಸ್ಟರ್. ಇವನಿಗೆ ಕಾಮಾಲೆ ಆಗಿತ್ತು. ಮಗಳಿಗೋಸ್ಕರ ಮುಚ್ಚಿಟ್ಟಿದಾನೆ."

ಆಮೇಲೆ ವೀರೇಶನ ತಲೆ ಸವರಿ ಅತ್ತಳು. ನೀನು ಯಾವ ಜನ್ಮದ ತಮ್ಮನೋ, ನಿನ್ನ ಮೈಯಲ್ಲೇ ಶಕ್ತಿ ಇಲ್ಲದಾಗಲೂ ಕೊಡಲು ಬಂದೆಯಲ್ಲ, ಆದರೆ ಬೇಡಪ್ಪ ಅಂದಳು. ಸಿಸ್ಟರ್ ಪಟ್ಟಿ ಬಿಚ್ಚಿದರು. ಅವರ ಕಣ್ಣಲ್ಲೂ ನೀರಿತ್ತು. ಹನುಮಯ್ಯ ಹತ್ತಿರ ಬಂದು ಅವನ ಭುಜ ಅದುಮಿದ. ಅದುಮಿದ್ದು ಬಲಭುಜವನ್ನು, ನವಿಲಿನ ಮೇಲೆ.

ಎದ್ದು ಹೊರಗೆ ನಡೆದಿದ್ದರೆ ಆಗಿತ್ತು. ಅವನು ಬಚಾವಾಗಿದ್ದ. ಬಚಾವಾದದ್ದಷ್ಟೇ ಅಲ್ಲ, ವಠಾರದಲ್ಲಿ ಇನ್ನು ಅವನ ಹೆಸರು ಹೇಳಿ ದೀಪ ಹಚ್ಚುತ್ತಿದ್ದರು. ಸುಳ್ಳು ಅವನಿಗೆ ಕಾವಲು ನಿಂತಿತ್ತು. ವೀರೇಶ ಮಂಚದ ಮೇಲೆ ಎದ್ದು ಕೂತ. ಲಚ್ಚಿ ಅಪ್ಪನ ಹೆಗಲ ಮೇಲಿಂದ ಬಿಳುಚಿದ ಮುಖದಲ್ಲಿ ಅವನನ್ನು ನೋಡಿ ನಗುತ್ತಿದ್ದಳು. ಅವನು ಬಲಗೈಯ ಗುಂಡಿ ಬಿಚ್ಚಿದ, ಅಂಗಿಯ ತೋಳನ್ನು ಮೇಲಕ್ಕೆ ಎಳೆದ, ಅದು ಮೊಣಕೈಯ ಹತ್ತಿರ ಸಿಕ್ಕಿಕೊಂಡಿತು. ಆಗ ಇಡೀ ಅಂಗಿಯನ್ನೇ ಕಳಚಿ ಹಾಕಿದ.

ಮೊದಲು ಕೂಗಿದವಳು ಲಚ್ಚಿ. "ಅಮ್ಮ, ಮಾಮನ್ ಕೈಲಿ ನವಿಲು."

ಯಶೋದಮ್ಮ ತೋಳನ್ನು ನೋಡಿದಳು. ಸಿಸ್ಟರ್‌ನ ಮುಖ ನೋಡಿದಳು. ಏಳೆಂಟು ವರ್ಷದಿಂದ ಬ್ಲಡ್ ಬ್ಯಾಂಕಿನ ಬೆಂಚುಗಳ ಮೇಲೆ ಕೂತವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಯಾವಾಗ ಹಾಕಿಸ್ಕೊಂಡೆ?"

"ಮ್ಯಾಲಿಂದು ಯುಗಾದಿ ಆದ ಮ್ಯಾಲ," ಅಂದ ವೀರೇಶ. "ಕೆಳಗಿಂದು ಶ್ರಾವಣದಾಗ್ರಿ."

"ಕಾಮಾಲೆ?"

"ಇರಲಿಲ್ರಿ ಅಕ್ಕಾರ."

ಅವಳು ಬೈಯುವ ದನಿಯಲ್ಲಲ್ಲ, ಲೆಕ್ಕ ತಾಳೆಯಾಗದವರ ದನಿಯಲ್ಲಿ ಹೇಳಿದಳು.

"ನೀನ್ ಹುಷಾರಾಗೋವರ್ಗೂ ಉಪ್ಪಿನಕಾಯಿ ಮುಟ್ಟಲ್ಲ ಅಂತ ಇವಳು ಹರಕೆ ಹೊತ್ಕೊಂಡಿದಾಳೆ. ಹರಕೆ ಹೇಳ್ಬಾರ್ದು ಅಂತ ನಿಂಗೆ ಹೇಳಿಲ್ಲ. ಆಷಾಢದಿಂದ ಬರೀ ಮೊಸರನ್ನ ತಿಂತಾ ಇದಾಳೆ."

ವೀರೇಶನಿಗೆ ಆ ಬಾಟಲಿ, ಆ ತಲೆಯಾಡಿಸಿದ್ದು ನೆನಪಾಯಿತು. ಮುಖ ಮುಚ್ಚಿಕೊಂಡ. ಸಿಸ್ಟರ್ ಅಂಗಿಯನ್ನು ಎತ್ತಿ ಅವನ ತೊಡೆಯ ಮೇಲಿಟ್ಟು, ಬೇರೆ ಬ್ಲಡ್ ಬ್ಯಾಂಕುಗಳಿಗೆ ಫೋನು ಮಾಡಲು ಹೋದರು. ಹನುಮಯ್ಯ ಅವರ ಹಿಂದೆ ಹೋದ. ಊರಿನ ಆ ತುದಿಯ ಒಂದು ಆಸ್ಪತ್ರೆಯಲ್ಲಿ ಒಂದು ಬಾಟಲಿ ಇದೆ ಎಂದು ತಿಳಿದು, ಹನುಮಯ್ಯ ಆಟೋ ಹತ್ತಿ ಓಡಿದ. ಸಂಜೆಯೊಳಗೆ ಲಚ್ಚಿಯ ಕೈಗೆ ರಕ್ತ ಇಳಿಯತೊಡಗಿತು. ವೀರೇಶ ವಾರ್ಡಿನ ಹೊರಗೆ ನಿಂತು ನೋಡಿದ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಯಶೋದಮ್ಮ ವಠಾರದಲ್ಲಿ ಬಾಯಿ ಬಿಡಲಿಲ್ಲ. ಅದೇ ಅವನಿಗೆ ದೊಡ್ಡ ಶಿಕ್ಷೆಯಾಯಿತು. ನಲ್ಲಿಯ ಹತ್ತಿರದ ಹೆಂಗಸರು ಈಗಲೂ ಕೊಡ ಸರಿಸಿ ಜಾಗ ಬಿಡುತ್ತಿದ್ದರು, ಕಾಮಾಲೆ ಪೂರ್ತಿ ಹೋಯಿತಾ ಎಂದು ಕೇಳುತ್ತಿದ್ದರು. ಅವನು ತಲೆ ತಗ್ಗಿಸಿ ನೀರು ಹಿಡಿದುಕೊಂಡು ಒಳಗೆ ಹೋಗುತ್ತಿದ್ದ. ಮೂರನೇ ಹಂತಕ್ಕೆ ಯಾವಾಗ ಬರ್ತೀಯ ಎಂದು ಸಿದ್ಧಾರ್ಥ ಎರಡು ಮೂರು ಸಲ ಫೋನು ಮಾಡಿದ. ಈಗಲೇ ಬರಲ್ಲ ಗುರು ಅಂದಾಗ, ಅರ್ಧ ಕೆಲಸ ಹೊತ್ಕೊಂಡು ಊರೆಲ್ಲ ತಿರುಗಿ ನನ್ನ ಮಾನ ಕಳೀತೀಯ ಎಂದು ರೇಗಿದ. ವೀರೇಶ ಮತ್ತೆ ಅರ್ಧತೋಳಿನ ಅಂಗಿಗೆ ಮರಳಿದ. ಬಾಗಿಲುಗಳ ಹಿಂದಿನವರು ಈಗ ಅವನ ಕೈಯನ್ನು ನೋಡುತ್ತಿದ್ದರು. ಚೆನ್ನಾಗಿದೆ, ಬಣ್ಣ ಯಾಕೆ ಹಾಕಿಸಿಲ್ಲ ಎಂದು ಕೆಲವರು ಕೇಳುತ್ತಲೂ ಇದ್ದರು. ಅವನು ಬೇಕಾದದ್ದನ್ನು ಪಡೆದಿದ್ದ. ಸಹಿ ಮಾಡಿ ಸಾರ್ ಎಂದು ಪೆನ್ನು ಮುಂದೆ ಹಿಡಿಯುತ್ತಿದ್ದ.

ಸುಮ್ಮನೆ ಕೂರಲಿಲ್ಲ ಅನ್ನುವುದನ್ನೂ ಹೇಳಬೇಕು. ಕವರು ಕೊಡಲು ಹೋದ ಆಫೀಸು, ಅಂಗಡಿ, ಹಾಸ್ಟೆಲ್ಲುಗಳಲ್ಲಿ ಓ ನೆಗೆಟಿವ್ ಯಾರಾದರೂ ಇದ್ದಾರಾ ಎಂದು ಕೇಳುತ್ತ ಹೋದ. ಕೆಲವರು ಹುಚ್ಚನೆಂದು ನೋಡಿದರು. ಕೆಂಗೇರಿಯ ಕಡೆಯ ಒಬ್ಬ ಮೇಷ್ಟ್ರು ಸಿಕ್ಕರು, ರೇವಣಸಿದ್ದಪ್ಪ ಎಂದು. ಅವರನ್ನು ಕರೆತಂದು ಯಶೋದಮ್ಮನ ಬಾಗಿಲಲ್ಲಿ ಬಿಟ್ಟು, ತಾನು ಹೊಸ್ತಿಲು ದಾಟದೆ ತನ್ನ ಕೋಣೆಗೆ ಹೋದ.

ಶ್ರಾವಣದಿಂದ ಶ್ರಾವಣಕ್ಕೆ ಒಂದು ವರ್ಷ ತುಂಬಿತು. ದಸರಾ ಹತ್ತಿರ ಬಂದಾಗ ಅವನು ಎದುರುಮನೆಯ ಬಾಗಿಲು ತಟ್ಟಿದ.

"ಅಕ್ಕಾರ, ಈ ದಸರಾ ನಂದ್ರಿ," ಅಂದ.

ಯಶೋದಮ್ಮ ಅವನನ್ನು ಒಳಗೆ ಕರೆದಳು. ಕಿಟಕಿಯ ಬೆಳಕಿಗೆ ನಿಲ್ಲಿಸಿ, ಅಂಗಿ ತೆಗಿ ಅಂದಳು. ಎರಡೂ ತೋಳು ನೋಡಿದಳು, ಬೆನ್ನು ನೋಡಿದಳು, ಪ್ಯಾಂಟು ಮೇಲೆ ಮಾಡಿಸಿ ಕಾಲು ನೋಡಿದಳು. ಅವಳಿಗೆ ನಾಚಿಕೆಯಿರಲಿಲ್ಲ, ಕೋಪವೂ ಇರಲಿಲ್ಲ. ಅಕ್ಕಿಯಲ್ಲಿ ಕಲ್ಲು ಹುಡುಕುವಷ್ಟು ನಿಧಾನವಿತ್ತು. ಆಮೇಲೆ ತಟ್ಟೆ ಹಾಕಿ ಊಟಕ್ಕೆ ಕೂರಿಸಿದಳು. ವೀರೇಶನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡೂ ಕಾಣದವಳಂತೆ ಸಾರು ಬಡಿಸಿದಳು.

ಅಂದಿನಿಂದ ಪ್ರತಿ ಸರದಿಗೂ ಅದೇ ನಡೆಯಿತು. ಕೇಳುವ ಮೊದಲೇ ಅವನು ಅಂಗಿ ಕಳಚಿ ಕಿಟಕಿಗೆ ಮುಖ ಮಾಡಿ ನಿಲ್ಲುತ್ತಿದ್ದ. ಅವನನ್ನು ಪೂರ್ತಿ ಕ್ಷಮಿಸಿದ್ದು ಲಚ್ಚಿ ಒಬ್ಬಳೇ, ಅವಳಿಗೆ ಅದು ತಪ್ಪು ಅಂತಲೇ ಅನ್ನಿಸಿರಲಿಲ್ಲ. ನವಿಲಿಗೆ ಬಣ್ಣ ಯಾವಾಗ ಎಂಬುದೊಂದೇ ಅವಳ ತಕರಾರು. ಎಷ್ಟು ಸಲ ಚುಚ್ಚುತ್ತಾರೆ, ನನಗಿಂತ ಜಾಸ್ತಿಯಾ ಎಂದು ಕೇಳುತ್ತಿದ್ದಳು. ಒಂದು ಸಂಕ್ರಾಂತಿಯ ಸರದಿಯ ದಿನ, ಅವನು ಅವಳ ಮನೆಯ ಜಗುಲಿಯಲ್ಲಿ ಊಟಕ್ಕೆ ಕಾಯುತ್ತ ಕೂತಿದ್ದಾಗ, ತನ್ನ ಸ್ಕೆಚ್ ಪೆನ್ನಿನ ಡಬ್ಬಿ ತಂದು ಅವನ ಮುಂಗೈಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಒಂದೊಂದೇ ಗರಿಯ ಕಣ್ಣಿಗೆ ನೀಲಿ ತುಂಬಿದಳು, ಸುತ್ತ ಹಸಿರು ಹಚ್ಚಿದಳು. ಗೆರೆ ದಾಟದ ಹಾಗೆ ನಾಲಿಗೆ ಕಚ್ಚಿ ಹಿಡಿದು ತುಂಬಿದಳು. ಸೂಜಿಯಿಲ್ಲದೆ, ನೋವಿಲ್ಲದೆ ಅವನ ಕೈ ಮೊದಲ ಸಲ ಬಣ್ಣ ಕಂಡಿತು. ವೀರೇಶ ಅಲುಗದೆ ಕೂತಿದ್ದ.

ಯಶೋದಮ್ಮ ಒಳಗಿನಿಂದ ಎಳ್ಳುಬೆಲ್ಲದ ತಟ್ಟೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ತಟ್ಟೆಯನ್ನು ಕೆಳಗಿಟ್ಟಳು. ಮಗಳ ಕೈಯಲ್ಲಿ ಪೆನ್ನು ಇದ್ದದ್ದು ಅವಳಿಗೆ ಕಾಣುತ್ತಿತ್ತು. ಆದರೂ ಬಂದು ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಅವನ ಮಣಿಕಟ್ಟಿನ ಮೇಲಿನ ನೀಲಿಯನ್ನು ಉಜ್ಜಿದಳು. ಮತ್ತೊಮ್ಮೆ ಉಜ್ಜಿದಳು. ಬಣ್ಣ ಬೆರಳಿಗೆ ಬಂತು. ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ಸೆರಗಿಗೆ ಒರೆಸಿಕೊಂಡು, "ಊಟಕ್ಕೆ ಏಳಪ್ಪ," ಅಂದಳು.